ಕಪ್ಪಿಗೊಂದು ಬೇರೆ ಪ್ಲೇಟು

ಕಳೆದ ವಾರ ನಮ್ಮ ಮನೆಗೆ ಒಂದು ತಿಥಿ ಕಾರ್ಡು ಬಂತು. ಬೈಕಿನಲ್ಲಿ ಬಂದವನು ಹೆಲ್ಮೆಟ್ಟನ್ನೂ ತೆಗೆಯದೆ ಗೇಟಿನ ಸಂದಿಗೆ ಸಿಕ್ಕಿಸಿ ಹೋಗಿಬಿಟ್ಟಿದ್ದ. ಹೊಳೆಯುವ ದಪ್ಪ ಕಾಗದ, ಮೇಲ್ಗಡೆ ಉರಿಯುವ ದೀಪ, ಸುತ್ತ ಹೂವಿನ ಚೌಕಟ್ಟು, ನಡುವೆ ತೀರಿಕೊಂಡವರ ಫೋಟೊ. ಅದರ ಕೆಳಗೆ ಕಪ್ಪು ಅಕ್ಷರ. ಕಪ್ಪು ಅನ್ನುವುದು ಬಾಯಿಮಾತಿಗೆ. ಒಂದೊಂದು ಅಕ್ಷರದ ಎಡಕ್ಕೆ ಒಂದು ಕೆಂಪು ಎಳೆ, ಬಲಕ್ಕೆ ಒಂದು ನೀಲಿ ಎಳೆ ಹೊರಗೆ ಇಣುಕುತ್ತಿತ್ತು. ಒತ್ತಕ್ಷರಗಳೆಲ್ಲ ಮುದ್ದೆಯಾಗಿದ್ದವು. ಮೂಗಿನ ಹತ್ತಿರ ಹಿಡಿದರೆ ಇನ್ನೂ ಸರಿಯಾಗಿ ಆರದ ಶಾಯಿಯ ವಾಸನೆ.

ನನ್ನ ಕಸುಬೇ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದು, ಅದನ್ನು ಬಣ್ಣದ ಅಚ್ಚಿಗೆ ಸಿದ್ಧಮಾಡಿ ಕೊಡುವುದು. ಇಂಥದ್ದು ಕಂಡರೆ ಮೈ ಉರಿಯುತ್ತದೆ. ಸತ್ತವರು ಯಾರು ಎಂದು ನೋಡುವ ಮೊದಲೇ, ಹೀಗೆ ಹೊಡೆದು ಹಾಳುಮಾಡಿದವರು ಯಾರು ಎಂದು ಬೈದುಕೊಂಡೆ. ಆಮೇಲೆ ಫೋಟೊ ನೋಡಿದೆ. ದಪ್ಪ ಫ್ರೇಮಿನ ಕನ್ನಡಕ, ಅದನ್ನು ತಲೆಯ ಮೇಲಕ್ಕೆ ಏರಿಸಿಕೊಂಡ ರೀತಿ, ಯಾರಿಗೂ ಸೊಪ್ಪು ಹಾಕದ ಆ ಗಲ್ಲ... ಪ್ರೆಸ್ಸಕ್ಕ.

ರಾಮನಗರದಲ್ಲಿ ಎಲ್ಲರೂ ಅವಳನ್ನು ಹಾಗೆಯೇ ಕರೆಯುತ್ತಿದ್ದರು. ಅವಳಿಗೂ ಅಪ್ಪ ಅಮ್ಮ ಇಟ್ಟ ಒಂದು ಹೆಸರಿತ್ತು. ಕಾರ್ಡಿನಲ್ಲಿ ಅದು ಇದೆ, ಮಸುಕಾಗಿ. ಇಲ್ಲಿ ನಾನು ಅದನ್ನು ಬರೆಯುವುದಿಲ್ಲ. ಯಾಕೆ ಎಂಬುದು ಓದುತ್ತಾ ನಿಮಗೇ ತಿಳಿಯುತ್ತದೆ. ಆಗ ಎದುರಿಗೆ 'ಬನ್ನಿ, ಹೋಗಿ' ಎಂದೇ ಮಾತಾಡಿಸುತ್ತಿದ್ದೆ. ಈಗ ಬರೆಯಲು ಕೂತರೆ 'ಅವಳು' ಎಂದೇ ಕೈಗೆ ಬರುತ್ತಿದೆ. ಸಲುಗೆಗೆ ಹಾಗೆ ಬರುತ್ತಿದೆಯೋ ಸಿಟ್ಟಿಗೋ ನನಗೇ ಗೊತ್ತಿಲ್ಲ.

ಅವಳ ಪರಿಚಯವಾದದ್ದು ಸುಮಾರು ಹತ್ತು ವರ್ಷದ ಹಿಂದೆ. ನಮ್ಮದು ಚನ್ನಪಟ್ಟಣ. ಅಪ್ಪ ಬೊಂಬೆ ಕಡೆಯುವವನು. ಹಾಲೆ ಮರದ ತುಂಡನ್ನು ಯಂತ್ರಕ್ಕೆ ಕೊಟ್ಟು, ತಿರುಗುತ್ತಿರುವಾಗಲೇ ಉಳಿ ಹಿಡಿದು, ಬಣ್ಣದ ಅರಗು ಒತ್ತಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟರೆ ಬೊಂಬೆ. ಹುಟ್ಟಿದಾಗಿನಿಂದ ಅರಗಿನ ವಾಸನೆಯಲ್ಲೇ ಬೆಳೆದವಳು ನಾನು. ಆದರೆ ನನ್ನ ಕೈ ಉಳಿಗೆ ಒಗ್ಗಲಿಲ್ಲ, ಚಿತ್ರಕ್ಕೆ ಒಗ್ಗಿತು. ಕಾಲೇಜು ಮುಗಿಸಿ, ಗೆಳತಿಯೊಬ್ಬಳಿಂದ ಹಳೆಯ ಟ್ಯಾಬ್ಲೆಟ್ ಒಂದನ್ನು ತೆಗೆದುಕೊಂಡು, ಪರದೆಯ ಮೇಲೆ ಬರೆಯುವುದನ್ನು ನಾನೇ ಕಲಿತೆ. ಅಪ್ಪ ಬೊಂಬೆ ಕೊಡುತ್ತಿದ್ದ ಅಂಗಡಿಯವರು, ಡಬ್ಬದ ಮೇಲೆ ಹಾಕಲು ಒಂದು ಚಿತ್ರ ಬರೆದುಕೊಡು ಅಂದರು. ತೂಗುವ ಕುದುರೆಯ ಚಿತ್ರ ಬರೆದೆ. ಅದರ ಸುತ್ತ ಬಳ್ಳಿಯ ಹಾಗೆ ಸುತ್ತಿಕೊಳ್ಳುವಂತೆ ಅಂಗಡಿಯ ವಿವರವನ್ನೆಲ್ಲ ಕಪ್ಪು ಕುಂಚದಲ್ಲಿ ನಾನೇ ಬರೆದೆ. ಪರದೆಯಲ್ಲಿ ನೋಡಿದರೆ ಕಣ್ಣಿಗೆ ಹಬ್ಬ.

ಅಚ್ಚಾಗಿ ಬಂದ ಮೊದಲ ಹಾಳೆ ನೋಡಿದ ಅಪ್ಪ ಕಣ್ಣುಜ್ಜಿಕೊಂಡ. "ನನ್ ಕಣ್ಣು ಹೋಗ್ಬುಟ್ಟೈತೆ ಕಣವ್ವ, ಅಕ್ಷರ ಎಲ್ಲ ಎರಡೆರಡು ಕಾಣ್ತಾವೆ" ಅಂದ. ಹಾಳೆ ಹಿಡಿದುಕೊಂಡು ನಾನು ರಾಮನಗರಕ್ಕೆ ಓಡಿದೆ. ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವಳ ಪ್ರೆಸ್ಸು. ಗೂಡು ಬೇಯಿಸುವ ವಾಸನೆ ಒಂದು ಕಡೆಯಿಂದ, ಶಾಯಿ ಸೀಮೆಎಣ್ಣೆ ವಾಸನೆ ಇನ್ನೊಂದು ಕಡೆಯಿಂದ. ಜಗಳಕ್ಕೇ ಹೋಗಿದ್ದೆ. ನಿಮ್ಮ ಮಷೀನು ಸರಿಯಿಲ್ಲ ಎಂದು ಶುರು ಮಾಡಿದ್ದೆ.

ಅವಳು ಕನ್ನಡಕವನ್ನು ತಲೆಗೇರಿಸಿ, ಮಡಚುವ ಪುಟ್ಟ ಭೂತಗನ್ನಡಿಯೊಂದನ್ನು ಹಾಳೆಯ ಮೇಲಿಟ್ಟು ಬಗ್ಗಿ ನೋಡಿದಳು. "ಮಷೀನಿಗೆ ಏನಾಗಿಲ್ಲ ಕಣವ್ವ, ನಿನ್ ಅಕ್ಷರಕ್ಕೆ ಜ್ವರ ಬಂದೈತೆ. ಬಾ ಇಲ್ಲಿ, ನೋಡು" ಅಂದಳು. ನೋಡಿದೆ. ನಾನು ಕಪ್ಪು ಅಂದುಕೊಂಡು ಬರೆದದ್ದರಲ್ಲಿ ಕಪ್ಪಿನ ಜೊತೆ ನೀಲಿ, ಕೆಂಪು, ಹಳದಿ ಎಲ್ಲವೂ ಇದ್ದವು. ಪರದೆಯ ಕಪ್ಪು ಅಚ್ಚಿಗೆ ಬರುವಾಗ ನಾಲ್ಕು ಶಾಯಿಯಾಗಿ ಒಡೆದುಕೊಳ್ಳುತ್ತದಂತೆ. ನಾಲ್ಕಕ್ಕೂ ಬೇರೆ ಬೇರೆ ಪ್ಲೇಟು, ಕಾಗದ ಒಂದಾದ ಮೇಲೊಂದರಂತೆ ನಾಲ್ಕರಿಂದಲೂ ಒತ್ತಿಸಿಕೊಳ್ಳಬೇಕು. ಎಲ್ಲೋ ಕೂದಲೆಳೆಯಷ್ಟು ಆಚೀಚೆ ಸರಿದರೂ ಚಿತ್ರದಲ್ಲಿ ಗೊತ್ತಾಗುವುದಿಲ್ಲ, ಅಕ್ಷರದಲ್ಲಿ ಗೊತ್ತಾಗುತ್ತದೆ. ಅವಳು ಅದನ್ನು ಹೇಳಿದ ಬಗೆ ಇವತ್ತಿಗೂ ಕಿವಿಯಲ್ಲಿದೆ.

"ನಾಕ್ ಜನ ಸೇರ್ಕಂಡು ಒಬ್ನ ಹೆಸ್ರ ಕೂಗುದ್ರೆ ಯಾರ್ನ ಕರೀತಾವ್ರೆ ಅಂತ್ಲೇ ಗೊತ್ತಾಗಕಿಲ್ಲ. ಒಬ್ರು ಕೂಗ್ಬೇಕು, ನೆಟ್ಟುಗೆ ಕೂಗ್ಬೇಕು. ಅಕ್ಷರಾನೂ ಹಂಗೇಯ. ಬರೀ ಕಪ್ಪಲ್ಲಿ ಇರ್ಬೇಕು."

ಜಗಳಕ್ಕೆ ಹೋದವಳು ಕುರ್ಚಿ ಎಳೆದುಕೊಂಡು ಕೂತೆ. ಅಂದಿನಿಂದ ಶುರುವಾದದ್ದು. ವಾರದಲ್ಲಿ ಎರಡು ದಿನವಾದರೂ ಚನ್ನಪಟ್ಟಣದಿಂದ ಬಸ್ಸು ಹತ್ತಿ ಅವಳ ಪ್ರೆಸ್ಸಿಗೆ ಹೋಗುತ್ತಿದ್ದೆ. ಅವಳು ವಿರೂಪಾಕ್ಷಿಪುರದ ಕಡೆಯ ರೈತರ ಮನೆ ಹುಡುಗಿ. ಮದುವೆಯಾಗಿ ಪ್ರೆಸ್ಸಿನ ಮನೆಗೆ ಬಂದವಳು. ಗಂಡ ತೀರಿಕೊಂಡ ಮೇಲೆ, ಮುಚ್ಚಿಬಿಡು ಎಂದು ಎಲ್ಲರೂ ಹೇಳಿದರೂ ಕೇಳದೆ ತಾನೇ ಕಂಪ್ಯೂಟರಿನ ಮುಂದೆ ಕೂತವಳು. ಮಷೀನು ಓಡಿಸಲು ಒಬ್ಬರು ಸಾಬರಿದ್ದರು. ಮದುವೆ ಪತ್ರಿಕೆ, ಊದುಬತ್ತಿ ಡಬ್ಬ, ಚುನಾವಣೆ ಬಂದರೆ ಕರಪತ್ರ, ಯಾರಾದರೂ ಸತ್ತರೆ ತಿಥಿ ಕಾರ್ಡು... ಮಾಗಡಿಯಿಂದ ಕನಕಪುರದವರೆಗೆ ಅರ್ಧಕ್ಕರ್ಧ ಮನೆಗಳ ಗೋಡೆಗೆ ಅವಳ ಪ್ರೆಸ್ಸಿನ ಕ್ಯಾಲೆಂಡರೇ ತೂಗುತ್ತಿತ್ತು. ಊರಿನವರಿಗೆಲ್ಲ ಗೊತ್ತು, ಪ್ರೆಸ್ಸಕ್ಕನ ಅಕ್ಷರ ಅಂದರೆ ಬ್ಲೇಡಿನಲ್ಲಿ ಕತ್ತರಿಸಿದ ಹಾಗೆ.

ಕಲಿಸುವಾಗ ಅವಳು ದಾಕ್ಷಿಣ್ಯ ನೋಡುತ್ತಿರಲಿಲ್ಲ. ಅಕ್ಷರವನ್ನು ಚಿತ್ರದೊಳಗೆ ಬರೆಯಕೂಡದು, ಅದಕ್ಕೇ ಒಂದು ಬೇರೆ ಪದರ ಇರಬೇಕು. ಆ ಪದರದಲ್ಲಿ ನೀಲಿ ಸೊನ್ನೆ, ಕೆಂಪು ಸೊನ್ನೆ, ಹಳದಿ ಸೊನ್ನೆ, ಕಪ್ಪು ಮಾತ್ರ ಪೂರ್ತಿ. ಚಿತ್ರದಲ್ಲಿ ಕಪ್ಪು ಮುಟ್ಟಲೇಬಾರದು. ನೆರಳಿಗೆ ನೀಲಿ ಹಾಕು, ಕಂದು ಹಾಕು, ಕಪ್ಪನ್ನು ಅಕ್ಷರಕ್ಕೆ ಮೀಸಲಿಡು. ಆಮೇಲೆ ಇನ್ನೊಂದು. ಬಣ್ಣದ ಮೇಲೆ ಅಕ್ಷರ ಬರುವಲ್ಲಿ ಅಡಿಯ ಬಣ್ಣವನ್ನು ಅಕ್ಷರದ ಆಕಾರಕ್ಕೆ ಕೆತ್ತಿ ಬಿಳಿ ಜಾಗ ಮಾಡಬಾರದು. ಹಾಗೆ ಮಾಡಿದರೆ ಪ್ಲೇಟು ಒಸಿ ಸರಿದರೂ ಪಕ್ಕದಲ್ಲಿ ಬಿಳಿ ಗೆರೆ ಹಲ್ಲು ಕಿರಿಯುತ್ತದೆ. ಬಣ್ಣ ಬಣ್ಣದ ಪಾಡಿಗೆ ಹರಡಿಕೊಂಡಿರಲಿ, ಕಪ್ಪು ಬಂದು ಅದರ ಮೇಲೆ ಸೀದಾ ಕೂರಲಿ. ಅಡಿಯಲ್ಲಿ ಅಕ್ಷರದ ಸುಳಿವೇ ಇರಬಾರದು.

ಅಡಿಯಲ್ಲಿ ಸುಳಿವೇ ಇರಬಾರದು. ಈ ಮಾತನ್ನು ನಾನು ಎಷ್ಟು ಭಕ್ತಿಯಿಂದ ಕಲಿತೆ ಅಂತೀರಿ.

"ಇದ್ರಾಗೆ ಇನ್ನೊಂದ್ ಲಾಭ ಐತೆ ಕಣೇ" ಎಂದು ಒಮ್ಮೆ ಟೀ ಕುಡಿಯುತ್ತಾ ಹೇಳಿದ್ದಳು. "ನಾಳೆ ನಿನ್ ಪುಸ್ತ್ಕ ತಮಿಳಿಗೋ ತೆಲುಗಿಗೋ ಹೋಯ್ತು ಅಂತ ಇಟ್ಕೊ. ಮೂರ್ ಪ್ಲೇಟು ಅವೇಯ. ಕಪ್ಪುಂದ್ ಒಂದ್ ಬದ್ಲಾಯ್ಸುದ್ರೆ ಮುಗೀತು. ಚಿತ್ರ ಅಲ್ಲಾಡಕಿಲ್ಲ, ಮಾತ್ ಬದ್ಲಾಯ್ತದೆ." ಆಗ ನನ್ನ ಹತ್ತಿರ ಯಾವ ಪುಸ್ತಕವೂ ಇರಲಿಲ್ಲ. ಡಬ್ಬದ ಚಿತ್ರ ಬರೆಯುವ ಹುಡುಗಿಗೆ ಪುಸ್ತಕ ಬರೆಯುತ್ತೀಯ, ಅದು ಬೇರೆ ಭಾಷೆಗೆ ಹೋಗುತ್ತದೆ ಎಂದು ಹೇಳಿದವಳು ಅವಳೊಬ್ಬಳೇ. ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಗೆ ತಲೆಯಿಟ್ಟು ಅದನ್ನೇ ಯೋಚಿಸುತ್ತಾ ಬಂದಿದ್ದೆ.

ಪುಸ್ತಕ ನಿಜವಾಗಿಯೂ ಬಂತು. ಶಾಲೆಗಳಿಗೆ ಪುಸ್ತಕ ಮಾಡಿ ಹಂಚುವ ಸಂಸ್ಥೆಯೊಂದು ನಮ್ಮ ಕಡೆಯ ಬೊಂಬೆಗಳ ಮೇಲೆ ಒಂದು ಚಿತ್ರಪುಸ್ತಕ ಬೇಕು ಅಂದಿತು. ಪ್ರೆಸ್ಸಕ್ಕನೇ ನನ್ನ ಹೆಸರು ಹೇಳಿದ್ದಳು. ಇದನ್ನು ಮುಚ್ಚಿಡುವುದಿಲ್ಲ, ಆ ಬಾಗಿಲು ತೆಗೆದವಳು ಅವಳೇ. ಪುಟಕ್ಕೆ ಒಂದೆರಡು ಸಾಲು ಮಾತು, ಅದನ್ನು ಸಂಸ್ಥೆಯವರೇ ಬರೆದುಕೊಟ್ಟರು. ಉಳಿದದ್ದೆಲ್ಲ ಚಿತ್ರ. ತೂಗುವ ಕುದುರೆಯೊಂದು ಗಿರಾಕಿಯ ಚೀಲದಿಂದ ಜಾರಿ ಬಿದ್ದು, ತನ್ನನ್ನು ಮಾಡಿದವನ ಮನೆ ಹುಡುಕಿಕೊಂಡು ಚನ್ನಪಟ್ಟಣದ ಬೀದಿ ಬೀದಿ ಅಲೆಯುವ ಕತೆ. ಕೊನೆಯ ಪುಟದಲ್ಲಿ ಅದಕ್ಕೆ ಬಾಗಿಲು ತೆರೆಯುವವನ ಕೈಗಳಿಗೆ ಅಪ್ಪನ ಕೈಗಳನ್ನೇ ಬರೆದೆ. ಉಗುರಿನ ಸಂದಿಯಲ್ಲಿ ಅರಗಿನ ಹಳದಿ ಸಮೇತ.

ಅಪ್ಪನಿಗೆ ಆ ಪುಸ್ತಕ ಯಾಕೆ ಅಷ್ಟು ಮುಖ್ಯವಾಯಿತು ಎಂಬುದನ್ನು ಹೇಳಬೇಕು. ಜೀವಮಾನವಿಡೀ ಬೊಂಬೆ ಮಾಡಿದ ಮನುಷ್ಯ ಅವನು. ಒಂದು ಬೊಂಬೆಯ ಮೇಲೂ ಅವನ ಹೆಸರಿಲ್ಲ. ಅಂಗಡಿಯ ಚೀಟಿ ಅಂಟಿಸುತ್ತಾರೆ, ಮಾರುತ್ತಾರೆ, ಕಡೆದವನು ಯಾರು ಎಂದು ಯಾರೂ ಕೇಳುವುದಿಲ್ಲ. ಅದಕ್ಕೆ ಅವನೇನೂ ಕೊರಗಿದವನಲ್ಲ. ಆದರೆ ಪುಸ್ತಕದ ಮುಖಪುಟದ ಮೇಲೆ 'ಚಿತ್ರಗಳು' ಎಂದು ಬರೆದು ಮುಂದೆ ನನ್ನ ಹೆಸರು ಬರುತ್ತದೆ ಎಂದಾಗ ಅವನು ಯಂತ್ರ ನಿಲ್ಲಿಸಿಬಿಟ್ಟ. "ನಿನ್ ಹೆಸ್ರಾ? ಮ್ಯಾಲೇನೇ ಇರ್ತದಾ?" ಎಂದು ಮತ್ತೆ ಮತ್ತೆ ಕೇಳಿದ.

ಮೊದಲು ನಾನು ಆ ಹೆಸರನ್ನು ಚಿತ್ರದೊಳಗೇ ಬರೆದಿದ್ದೆ. ಕುದುರೆಯ ಕಾಲಿನ ಹತ್ತಿರ ಬಿದ್ದ ಮರದ ಹೊಟ್ಟಿನ ಸುರುಳಿಗಳಲ್ಲಿ, ಅದೂ ಒಂದು ಸುರುಳಿಯೇ ಅನ್ನಿಸುವಂತೆ, ಕಂದು ಬಣ್ಣದಲ್ಲಿ. ಪ್ರೆಸ್ಸಕ್ಕ ಒಪ್ಪಲಿಲ್ಲ. ಹೆಸರು ಎಂದರೆ ಅಕ್ಷರ, ಅಕ್ಷರ ಎಂದ ಮೇಲೆ ಕಪ್ಪಿನ ಪದರದಲ್ಲಿರಬೇಕು, ಬಣ್ಣದಲ್ಲಿಟ್ಟರೆ ಮೂರು ಪ್ಲೇಟಿಗೆ ಸಿಕ್ಕಿ ಮಸುಕಾಗುತ್ತದೆ, ನಿನ್ನ ಹೆಸರೇ ಮಸುಕಾಗಬೇಕಾ ಎಂದಳು. "ನಿಮ್ಮಪ್ಪನ್ ಕಣ್ಣಿಗೆ ಕಾಣ್ಬೇಕು ತಾನೆ?" ಎಂದಳು. ನನ್ನಿಂದಲೇ ಅಳಿಸಿ ಹಾಕಿಸಿದಳು. ಪಕ್ಕದಲ್ಲೇ ಕೂತು ಕಪ್ಪು ಪದರದಲ್ಲಿ ನನ್ನ ಹೆಸರನ್ನು ತಾನೇ ಕೂರಿಸಿಕೊಟ್ಟಳು. ಒತ್ತಕ್ಷರ ತುಂಬಿಕೊಳ್ಳದಂತೆ ಅಕ್ಷರಗಳ ನಡುವೆ ಒಸಿ ಗಾಳಿ ಬಿಟ್ಟು, ಎಷ್ಟು ಹೊತ್ತು, ಎಷ್ಟು ಪ್ರೀತಿಯಿಂದ...

ಆ ಹೊತ್ತಿಗೇ ಅವಳ ತಲೆಯಲ್ಲಿ ಅದಿತ್ತೇ? ಈ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಇರಲಿಲ್ಲ ಎಂದೇ ಅನ್ನಿಸುತ್ತದೆ. ಕೆಲವು ದಿನ ಇತ್ತು ಎಂದೂ ಅನ್ನಿಸುತ್ತದೆ.

ಮೊದಲ ಅಚ್ಚು ಬಂದ ದಿನ ಪ್ರೆಸ್ಸಕ್ಕ ನನಗೆ ಆ ಪುಟ್ಟ ಭೂತಗನ್ನಡಿಯನ್ನು ಕೊಟ್ಟಳು. ಅದರಲ್ಲಿ ನನ್ನ ಹೆಸರನ್ನು ನೋಡಿಕೊಂಡೆ. ಬೇರೆ ಬಣ್ಣದ ಒಂದು ಚುಕ್ಕೆಯೂ ಇಲ್ಲದ, ಅಂಚು ಎಲ್ಲೂ ಅಲುಗದ ಕಪ್ಪು. ಅಪ್ಪನಿಗಂತೂ ಹಬ್ಬ. ಕನ್ನಡಿ ಬೀರುವಿನಲ್ಲಿ ಬೆಳ್ಳಿ ದೀಪದ ಪಕ್ಕಕ್ಕೆ ಪುಸ್ತಕ ಇಟ್ಟ. ಮನೆಗೆ ಬಂದವರಿಗೆ ಕಾಫಿಗೆ ಮೊದಲು ಪುಸ್ತಕ. ಹೆಸರಿನ ಮೇಲೆ ಹೆಬ್ಬೆರಳಿಟ್ಟು, "ನಮ್ಮುಡ್ಗೀದು" ಅನ್ನುವನು. ನನಗೆ ನಾಚಿಕೆಯಾಗುತ್ತಿತ್ತು. ಖುಷಿಯೂ ಆಗುತ್ತಿತ್ತು, ಯಾಕೆ ಸುಳ್ಳು ಹೇಳಲಿ.

ಮೊದಲ ಅಚ್ಚು ಚನ್ನಪಟ್ಟಣದ ಶಾಲೆಗಳಿಗಷ್ಟೇ ಸಾಕಾಯಿತು. ಮರುವರ್ಷ ಸಂಸ್ಥೆಯವರು ಇನ್ನೊಂದು ಅಚ್ಚು ಹಾಕಿಸಿ ಮಾಗಡಿ, ಕನಕಪುರ, ಹಾರೋಹಳ್ಳಿ ಕಡೆಗೆಲ್ಲ ಹಂಚಿದರು. ಅದು ಆದದ್ದೇ ನನಗೆ ಗೊತ್ತಿರಲಿಲ್ಲ. ಅವರು ಸೀದಾ ಪ್ರೆಸ್ಸಿಗೆ ಹೇಳಿದ್ದರು. ಪ್ರೆಸ್ಸಕ್ಕನೂ ನನಗೆ ಒಂದು ಮಾತು ಹೇಳಲಿಲ್ಲ. ಆ ತಿಂಗಳುಗಳಲ್ಲಿ ನಾನು ಅವಳ ಪ್ರೆಸ್ಸಿಗೆ ಹೋಗಿದ್ದೇನೆ, ಅವಳ ಡಬ್ಬಿಯಿಂದ ಅವಲಕ್ಕಿ ತಿಂದಿದ್ದೇನೆ. ಅವಳು ಎಂದಿನಂತೆಯೇ ಇದ್ದಳು.

ನನ್ನ ಅಕ್ಕನನ್ನು ಕೊಟ್ಟಿರುವುದು ಮರಳವಾಡಿಗೆ. ಅಪ್ಪ ಒಮ್ಮೆ ಮಗಳ ಮನೆಗೆ ಹೋಗಿದ್ದಾಗ, ಊರಿನ ಶಾಲೆಗೆ ಕುದುರೆಯ ಪುಸ್ತಕ ಬಂದಿದೆ ಎಂದು ಗೊತ್ತಾಗಿದೆ. ಕೇಳಬೇಕೆ? ಹೆಗಲಿಗೆ ಟವೆಲು ಹಾಕಿಕೊಂಡು ಹೊರಟಿದ್ದಾನೆ. ಜೊತೆಗೆ ಅಕ್ಕನ ಮಾವ, ಅವರ ಜಗಲಿಯಲ್ಲಿ ಕೂತಿದ್ದ ಇನ್ನಿಬ್ಬರು. ಮೇಷ್ಟ್ರು ಮರ್ಯಾದೆಯಿಂದ ಕುರ್ಚಿ ಹಾಕಿಸಿ, ಮಕ್ಕಳನ್ನೆಲ್ಲ ಕೂರಿಸಿ, ಈ ಪುಸ್ತಕದ ಚಿತ್ರ ಬರೆದವರ ತಂದೆ ಬಂದಿದ್ದಾರೆ ಎಂದು ಹೇಳಿ ಪುಸ್ತಕವನ್ನು ಅಪ್ಪನ ಕೈಗೇ ಕೊಟ್ಟಿದ್ದಾರೆ. ಅಪ್ಪ ಅಭ್ಯಾಸದಂತೆ ಮುಖಪುಟದ ಮೇಲೆ ಹೆಬ್ಬೆರಳಿಟ್ಟಿದ್ದಾನೆ. ಅಲ್ಲಿ ಇದ್ದದ್ದು ನನ್ನ ಹೆಸರಲ್ಲ. ಅಪ್ಪ ನಿಧಾನವಾಗಿ ಓದುವವನು. ಒಂದೊಂದೇ ಅಕ್ಷರ ಕೂಡಿಸಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿಬಿಟ್ಟಿದ್ದಾನೆ, ಬೇರೆಯವರ ಹೆಸರನ್ನು. ಮಕ್ಕಳು ಕಿಸಕ್ಕನೆ ನಕ್ಕಿವೆ. ಮೇಷ್ಟ್ರು ಮಾತು ತೇಲಿಸಿದ್ದಾರೆ. ದಾರಿಯಲ್ಲಿ ಅಕ್ಕನ ಮಾವ, "ಹೋಗ್ಲಿ ಬುಡಿ ಬೀಗ್ರೆ, ಮಕ್ಳ ಮ್ಯಾಲಿನ್ ಆಸೆಗೆ ಒಂದ್ ಮಾತು ಹೆಚ್ಚಾಯ್ತದೆ" ಎಂದು ಸಮಾಧಾನ ಮಾಡಿದ್ದಾರೆ. ಸಮಾಧಾನವಂತೆ!

ಅಪ್ಪ ಅದೇ ಸಂಜೆ ವಾಪಸ್ಸು ಬಂದ. ಮೇಷ್ಟ್ರನ್ನು ಕೇಳಿ ಟವೆಲಿನಲ್ಲಿ ಸುತ್ತಿ ತಂದಿದ್ದ ಪುಸ್ತಕವನ್ನು ನನ್ನ ಮುಂದೆ ಇಟ್ಟು, ಕೈಕಾಲು ತೊಳೆಯಲೂ ಹೋಗದೆ ಕೂತ. ಬೈಯಲಿಲ್ಲ. ಮೆಲ್ಲಗೆ ಕೇಳಿದ. "ಏನವ್ವ... ನಿಜಕ್ಕೂ ನೀನೇ ಬರ್ದಿದ್ದು ತಾನೆ?"

ಪ್ರೆಸ್ಸಕ್ಕ ನನಗೆ ಮಾಡಿದ್ದನ್ನೆಲ್ಲ ನಾನು ಒಂದು ದಿನ ಮರೆತರೂ ಮರೆತೇನು. ಅಪ್ಪನ ಬಾಯಲ್ಲಿ ಆ ಪ್ರಶ್ನೆ ಬರುವಂತೆ ಮಾಡಿದಳಲ್ಲ, ಅದನ್ನು ಹೇಗೆ ಮರೆಯಲಿ? ಕೊನೆಯ ಪುಟದಲ್ಲಿ ಅವನ ಕೈಗಳೇ ಇವೆ. ತನ್ನ ಕೈಗಳನ್ನೇ ನೋಡಿಕೊಂಡು ಅವನು ನನ್ನನ್ನು ಅನುಮಾನಿಸಿದ. ಒಂದೇ ಒಂದು ಗಳಿಗೆ, ನಿಜ. ಆದರೂ ಅನುಮಾನಿಸಿದ.

ಮುಖಪುಟದ ಮೇಲೆ ಇದ್ದದ್ದು ಪ್ರೆಸ್ಸಕ್ಕನ ಹೆಸರು. ಪೂರ್ತಿ ಹೆಸರು, ಗಂಡನ ಇನಿಷಿಯಲ್ ಸಮೇತ. ಭೂತಗನ್ನಡಿ ಇಟ್ಟು ನೋಡಿದೆ, ಅವಳೇ ಕೊಟ್ಟದ್ದರಲ್ಲಿ. ಅಡಿಯ ಹಸಿರು ಬಣ್ಣದಲ್ಲಿ ನನ್ನ ಹೆಸರಿನ ಒಂದು ಗೀರಾದರೂ ಉಳಿದಿದೆಯೇ ಎಂದು ಹುಡುಕಿದೆ. ಎಲ್ಲಿ ಉಳಿಯುತ್ತದೆ? ಅಡಿಯಲ್ಲಿ ಸುಳಿವಿಲ್ಲದ ಹಾಗೆ ಮಾಡಿಕೊಟ್ಟವಳು ನಾನೇ ಅಲ್ಲವೇ. ನುಣ್ಣನೆಯ ಹಸಿರು, ಅದರ ಮೇಲೆ ಅವಳ ಹೆಸರು, ಬ್ಲೇಡಿನಲ್ಲಿ ಕತ್ತರಿಸಿದ ಹಾಗೆ.

ಮಾರನೆಯ ದಿನ ಬೆಳಿಗ್ಗೆ ಪ್ರೆಸ್ಸಿನ ಬಾಗಿಲಿಗೆ ನಿಂತಾಗ ಮೊದಲು ಸಿಕ್ಕಿದವರು ಮಷೀನಿನ ಸಾಬರು. ಪುಸ್ತಕ ತೋರಿಸಿದೆ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. "ಹೌದು ಬೇಟಿ, ಮೂರು ಪ್ಲೇಟು ಹಳೇದೇ, ಕೆಡದ ಹಾಗೆ ಗೋಂದು ಬಳಿದು ಎತ್ತಿಟ್ಟಿದ್ದೆ. ಕರೀದು ಒಂದೇ ಹೊಸದು ಕೊಟ್ರು. ಏನೋ ತಪ್ಪು ತಿದ್ದವ್ರೆ ಅಂದ್ಕೊಂಡೆ" ಎಂದರು. ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, ಶಾಯಿ ಒರೆಸುವ ಬಟ್ಟೆ ಹಿಡಿದುಕೊಂಡು ಒಳಗೆ ಹೋಗಿಬಿಟ್ಟರು.

ಕೌಂಟರಿನ ಗಾಜಿನ ಕೆಳಗೆ ಕುದುರೆಯ ಮುಖಪುಟ ಇತ್ತು. ಹೊಸದು. ಗಿರಾಕಿಗಳಿಗೆ ಕಾಣುವ ಹಾಗೆ. ನಾನು ಬಂದಾಗಲೆಲ್ಲ ಅದರ ಮೇಲೆ ಕ್ಯಾಲೆಂಡರಿನ ಹಾಳೆ ಹಾಸುತ್ತಿದ್ದಳೋ ಏನೋ. ಅಂದು ನಾನು ಹೇಳದೆ ಬಂದಿದ್ದೆ.

"ಇದ್ರಲ್ಲಿ ನನ್ನ ಹೆಸರು ಎಲ್ಲಿ ಅಕ್ಕ?" ಅಂದೆ.

ಅವಳು ಕಂಪ್ಯೂಟರಿನಿಂದ ತಿರುಗಿದಳು. ತಪ್ಪಾಯಿತು ಎನ್ನುತ್ತಾಳೆ, ಇಲ್ಲವೇ ಸಂಸ್ಥೆಯವರ ಮೇಲೆ ಹಾಕುತ್ತಾಳೆ ಎಂದುಕೊಂಡಿದ್ದೆ. ಎರಡಕ್ಕೂ ನಾನು ದಾರಿಯುದ್ದಕ್ಕೂ ಉತ್ತರ ಕಟ್ಟಿಕೊಂಡು ಬಂದಿದ್ದೆ. ಅವಳು ಕನ್ನಡಕ ತಲೆಗೇರಿಸಿ ನನ್ನನ್ನೇ ನೋಡಿದಳು.

"ಮೂರ್ ಬಣ್ಣ ನಿಂದು ಕಣವ್ವ. ಕಪ್ಪು ನಂದು."

ನನಗೆ ಅರ್ಥವಾಗಲಿಲ್ಲ. ಅವಳೇ ಮುಂದುವರಿಸಿದಳು. "ನೀ ಬಂದಾಗ ನಿನ್ ಅಕ್ಷರ ನಾಯಿಗೂ ಓದಕ್ಕಾಯ್ತಿರ್ಲಿಲ್ಲ. ಆ ಕಪ್ಪು ಯಾರ್ ಕೊಟ್ಟಿದ್ದು? ಈ ನಾಕ್ ತಾಲೂಕ್ನಾಗೆ ಹುಟ್ಟಿದೋರ್ದು, ಮದ್ವೆ ಆದೋರ್ದು, ಗೆದ್ದೋರ್ದು, ಸತ್ತೋರ್ದು, ಎಲ್ರ ಹೆಸ್ರೂ ಹೊಡ್ದಿವ್ನಿ. ನಂದೊಂದ್ ಕಿತ ಹೊಡ್ಕಂಡ್ರೆ ನಿಂದೇನ್ ಹೋಯ್ತದೆ? ನಿಂಗಿನ್ನೂ ವಯಸ್ಸೈತೆ. ಇನ್ನತ್ತು ಪುಸ್ತ್ಕ ಬರ್ಕೊ."

"ನಮ್ಮಪ್ಪ ಶಾಲೇಲಿ ಎಲ್ಲರ ಮುಂದೆ ಅದನ್ನ ಓದಿದ" ಅಂದೆ.

ಅವಳ ಮುಖದಲ್ಲಿ ಏನೋ ಒಂದು ಸರಿದುಹೋಯಿತು. ನಾಚಿಕೆಯಿರಬಹುದು ಎಂದು ಬಹಳ ದಿನ ನಂಬಲು ನೋಡಿದೆ. ಆದರೆ ಅವಳು ಹೇಳಿದ್ದು ಇನ್ನೇನನ್ನೋ. "ಓದಕ್ಕಾಯ್ತಾ ಅವ್ರಿಗೆ? ಎಡವ್ಲಿಲ್ವಾ?" ಎಂದು ಕೇಳಿದಳು. ತನ್ನ ಹೆಸರು ನೆಟ್ಟಗೆ ಬಂದಿದೆಯೇ ಎಂದು ತಿಳಿದುಕೊಳ್ಳುವ ಆಸೆ ಆ ಹೊತ್ತಿನಲ್ಲೂ! ನಾನು ಪುಸ್ತಕವನ್ನು ಕೌಂಟರಿನ ಮೇಲೆ ಬಿಟ್ಟು ಹೊರಗೆ ಬಂದೆ. ಬಸ್ ಸ್ಟ್ಯಾಂಡಿನವರೆಗೂ ಅತ್ತುಕೊಂಡು ನಡೆದೆ, ಯಾರು ನೋಡಿದರೂ ಲಕ್ಷ್ಯ ಮಾಡಲಿಲ್ಲ.

ಸಂಸ್ಥೆಯವರಿಗೆ ಫೋನು ಮಾಡಿದೆ. ಅಯ್ಯೋ, ಹೌದಾ, ಮುಂದಿನ ಅಚ್ಚಿನಲ್ಲಿ ಸರಿಮಾಡಿಸೋಣ ಎಂದರು. ಮುಂದಿನ ಅಚ್ಚು ಬರಲಿಲ್ಲ. ಹಂಚಿದ ಪುಸ್ತಕಗಳು ಹಂಚಿದಲ್ಲೇ ಉಳಿದವು. ಮಾಗಡಿಯ ಯಾವುದೋ ಶಾಲೆಯ ಕಪಾಟಿನಲ್ಲಿ ಈಗಲೂ ಆ ಕುದುರೆ ಅವಳ ಹೆಸರು ಹೊತ್ತುಕೊಂಡು ನಿಂತಿದೆ. ಅಪ್ಪ ಮರಳವಾಡಿಗೆ ಹೋಗುವುದನ್ನು ಕಡಿಮೆ ಮಾಡಿದ. ಕನ್ನಡಿ ಬೀರುವಿನ ಪುಸ್ತಕವನ್ನು ಅಲ್ಲೇ ಇಟ್ಟಿದ್ದ, ಆದರೆ ಬಂದವರಿಗೆ ತೆಗೆದು ತೋರಿಸುವುದನ್ನು ನಿಲ್ಲಿಸಿದ. ನಾನೂ ಪ್ರೆಸ್ಸಿನ ಗಲ್ಲಿಗೆ ಮತ್ತೆ ಕಾಲಿಡಲಿಲ್ಲ. ಕೆಲವು ವರ್ಷದ ಮೇಲೆ ಅವಳಿಗೆ ಕಣ್ಣು ಮಂಜಾಯಿತು, ಪ್ರೆಸ್ಸು ಮಾರಿದಳು, ಮೈದುನನ ಮಗನ ಮನೆ ಸೇರಿಕೊಂಡಳು ಎಂದು ಯಾರೋ ಹೇಳಿದರು.

ಅವಳು ಹೇಳಿದಂತೆಯೇ ನನಗೆ ಬೇರೆ ಪುಸ್ತಕಗಳು ಬಂದವು. ಅದು ನಿಜವಾದದ್ದಕ್ಕೂ ಅವಳ ಮೇಲೆ ಸಿಟ್ಟೇ ಬರುತ್ತದೆ. ಇವತ್ತಿಗೂ ಅಕ್ಷರಕ್ಕೆ ಬೇರೆ ಪದರ, ನೀಲಿ ಸೊನ್ನೆ, ಕೆಂಪು ಸೊನ್ನೆ, ಹಳದಿ ಸೊನ್ನೆ, ಕಪ್ಪು ಪೂರ್ತಿ. ನೆರಳಿಗೆ ಇಂದಿಗೂ ಕಪ್ಪು ಮುಟ್ಟುವುದಿಲ್ಲ. ಅವಳು ಕಲಿಸಿದ ಒಂದನ್ನೂ ಬಿಟ್ಟಿಲ್ಲ. ನನ್ನ ಹೆಸರು ಒಂದನ್ನು ಬಿಟ್ಟು. ಅದನ್ನು ಕಪ್ಪು ಪದರದಲ್ಲಿ ಇಡುವುದಿಲ್ಲ. ಚಿತ್ರದೊಳಗೇ, ಮರದ ಹೊಟ್ಟಿನ ಸುರುಳಿಯಲ್ಲೋ, ಸೀರೆಯ ಅಂಚಿನಲ್ಲೋ, ಕೆರೆಯ ಅಲೆಯಲ್ಲೋ, ಅಲ್ಲಿರುವ ಬಣ್ಣದಲ್ಲೇ ಬರೆದು ಬೆರೆಸಿಬಿಡುತ್ತೇನೆ. ಮೂರೂ ಪ್ಲೇಟಿಗೆ ಸಿಕ್ಕಿಕೊಳ್ಳಲಿ. ತೆಗೆಯಬೇಕೆಂದರೆ ಚಿತ್ರವನ್ನೇ ಹರಿಯಬೇಕು. ಅವಳು ಹೇಳಿದ್ದ ಹಾಗೆ ಅದು ಪ್ರತಿ ಸಲವೂ ಮಸುಕಾಗಿಯೇ ಬರುತ್ತದೆ, ಅಂಚಿನಲ್ಲಿ ಕೆಂಪು ಎಳೆ, ನೀಲಿ ಎಳೆ. ಪ್ರೆಸ್ಸಿನವರು ಫೋನು ಮಾಡಿ, ಮೇಡಂ, ಎಲ್ಲ ಅಕ್ಷರ ಚೆನ್ನಾಗಿದೆ, ನಿಮ್ಮ ಹೆಸರು ಮಾತ್ರ ಕೆಟ್ಟಿದೆ ಎನ್ನುತ್ತಾರೆ. ಇರಲಿ ಬಿಡಿ ಎನ್ನುತ್ತೇನೆ. ಹೊಸ ಪುಸ್ತಕ ಬಂದಾಗ ಅಪ್ಪ ಅದನ್ನು ಹುಡುಕಿ, ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ, "ಇದು ಹೋಗಕಿಲ್ಲ ತಾನೆ?" ಎಂದು ಕೇಳುತ್ತಾನೆ. ಪ್ರತಿ ಪುಸ್ತಕಕ್ಕೂ ಕೇಳುತ್ತಾನೆ.

ತಿಥಿ ಕಾರ್ಡನ್ನು ಮೇಜಿನ ಮೇಲಿಟ್ಟು ಡ್ರಾಯರಿನಿಂದ ಭೂತಗನ್ನಡಿ ತೆಗೆದೆ. ಎಸೆಯಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ, ಎಸೆದಿರಲಿಲ್ಲ. ಅವಳ ಹೆಸರಿನ ಮೇಲಿಟ್ಟು ನೋಡಿದೆ. ನಾಲ್ಕು ಶಾಯಿ ನಾಲ್ಕು ದಿಕ್ಕಿಗೆ. ಯಾರೋ ಹುಡುಗರು ಫೋನಿನಲ್ಲೇ ಮಾಡಿ, ಚಿತ್ರದ ಜೊತೆ ಕಲಸಿ ಕಳಿಸಿದ್ದಾರೆ. ಊರಿನ ಸತ್ತವರ ಹೆಸರನ್ನೆಲ್ಲ ಬ್ಲೇಡಿನಲ್ಲಿ ಕತ್ತರಿಸಿದ ಹಾಗೆ ಹೊಡೆದುಕೊಟ್ಟವಳಿಗೆ ಕೊನೆಗೆ ಸಿಕ್ಕಿದ್ದು ಇದು. ಮೊದಲು ಸಂತೋಷವೇ ಆಯಿತು. ಬೇಕಿತ್ತು ನಿನಗೆ ಅಂದುಕೊಂಡೆ. ಆಮೇಲೆ ಆ ಸಂತೋಷ ಎಲ್ಲಿಗೆ ಹೋಯಿತೋ... ಕನ್ನಡಿಯಿಂದ ಕಣ್ಣು ತೆಗೆಯಲು ಆಗಲಿಲ್ಲ.

ಅಪ್ಪ ಒಳಗಿನಿಂದ ಬಂದು ಕಾರ್ಡು ತೆಗೆದುಕೊಂಡ. ಬೆಳಕಿಗೆ ಹಿಡಿದ, ದೂರಕ್ಕೆ ಹಿಡಿದ, ಹೆಬ್ಬೆರಳಿಟ್ಟು ಅಕ್ಷರ ಕೂಡಿಸಲು ನೋಡಿದ. "ಯಾರ್ದವ್ವ ಇದು? ಹೆಸ್ರೇ ಕಾಣಾಕಿಲ್ವಲ್ಲ" ಅಂದ.

ಓದಿ ಹೇಳಿದೆ. ಪೂರ್ತಿ ಹೆಸರು, ಇನಿಷಿಯಲ್ ಸಮೇತ. ಆ ಹೆಸರು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು. ಅಪ್ಪನಿಗೆ ನೆನಪಾಯಿತು. ಕಾರ್ಡನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದ.

"ಒಸಿ ನೆಟ್ಟುಗೆ ಹೊಡ್ಸಬಾರ್ದಿತ್ತಾ" ಅಂದ ಕೊನೆಗೆ.

"ನೆಟ್ಟುಗೆ ಹೊಡ್ಯೋಳು ಒಬ್ಳೇ ಇದ್ಲು ಕಣಪ್ಪ" ಅಂದೆ. ಅಪ್ಪ ಕಾರ್ಡನ್ನು ಬೀರುವಿಗೆ ಇಡಲಿಲ್ಲ, ಕಸಕ್ಕೂ ಹಾಕಲಿಲ್ಲ. ನನ್ನ ಕೈಗೇ ಕೊಟ್ಟು ಯಂತ್ರದ ಕಡೆಗೆ ಹೋದ.